ಸಿನಿಮಾ ಕೇಳಿದರೆ ಎಪಿಕೆ ಫೈಲ್ ಬರುತ್ತದೆ, ಯಾಕೆ?

ಪ್ರಶ್ನೆ: ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹೊಸ ಸಿನಿಮಾದ ಲಿಂಕ್ ಒತ್ತಿದರೆ 2 ಜಿಬಿ ವಿಡಿಯೋ ಬದಲು 8 ಎಂಬಿಯ "ಪ್ಲೇಯರ್" ಎಂಬ ಎಪಿಕೆ (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್) ಇಳಿಯುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿದ್ದರೆ ಏನು ಅಪಾಯ? ನೋಡುವವರ ಮೇಲೂ ಕೇಸ್ ಆಗುತ್ತದಾ?

ಉತ್ತರ 1: ಅದು ಪ್ಲೇಯರ್ ಅಲ್ಲವೇ ಅಲ್ಲ. ವಿಡಿಯೋ ಫೈಲ್ ಆದರೆ ಹೆಸರಿನ ಕೊನೆಗೆ ಸಾಮಾನ್ಯವಾಗಿ ಎಂಕೆವಿ ಅಥವಾ ಎಂಪಿ4 ಇರುತ್ತದೆ, ಎಪಿಕೆ ಅಲ್ಲ. ಎಸ್ಎಂಎಸ್ ಮತ್ತು ಆಕ್ಸೆಸಿಬಿಲಿಟಿ (ಪರದೆ ಓದಿ, ನಿಮ್ಮ ಪರವಾಗಿ ಬಟನ್ ಒತ್ತುವ) ಅನುಮತಿ ಕೇಳಿತೆಂದರೆ ಕಣ್ಣಿಟ್ಟಿರುವುದು ನಿಮ್ಮ ಒಟಿಪಿ ಮೇಲೆ. ಅನುಮತಿ ಕೊಟ್ಟಾಗಿದ್ದರೆ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದ್ದರೆ ಸೆಟ್ಟಿಂಗ್ಸ್‌ನ ಡಿವೈಸ್ ಅಡ್ಮಿನ್ (ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದ ಆ್ಯಪ್‌ಗಳ) ಪಟ್ಟಿಯಲ್ಲಿ ಆ ಆ್ಯಪ್‌ನ ಗುರುತು ತೆಗೆಯಿರಿ. ಆಗಲೂ ಬಗ್ಗದಿದ್ದರೆ ಸೇಫ್ ಮೋಡ್‌ನಲ್ಲಿ (ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡದಂತೆ ಫೋನ್ ತೆರೆಯುವ ಕ್ರಮ) ತೆಗೆಯಬಹುದು. ಪಾಸ್‌ವರ್ಡ್‌ಗಳನ್ನು ಅದೇ ಫೋನಿನಲ್ಲಿ ಬದಲಾಯಿಸಲೇಬೇಡಿ, ಬೇರೆ ಫೋನಿನಲ್ಲಿ ಬದಲಾಯಿಸಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ.

ಉತ್ತರ 2: ಕಾನೂನಿನ ಮಾತು. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಪ್ರಕಾರ ಥಿಯೇಟರಿನಲ್ಲಿ ಸಿನಿಮಾವನ್ನು ಕದ್ದು ಚಿತ್ರೀಕರಿಸಿದವರಿಗೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ದಂಡ ನಿರ್ಮಾಣ ವೆಚ್ಚದ ಶೇ. 5ರವರೆಗೂ ಏರಬಹುದು. "ನಾನು ನೋಡಿದ್ದಷ್ಟೇ" ಎನ್ನುವವರು ಟೊರೆಂಟ್ (ಬಳಕೆದಾರರು ಫೈಲ್ ಅನ್ನು ತುಣುಕುಗಳಾಗಿ ಪರಸ್ಪರ ಹಂಚಿಕೊಳ್ಳುವ ವಿಧಾನ) ಮೂಲಕ ಇಳಿಸಿದ್ದರೆ ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು: ಇಳಿಸಿಕೊಳ್ಳುತ್ತಿರುವಾಗಲೇ ಆ ತುಣುಕುಗಳು ನಿಮ್ಮ ಐಪಿ ವಿಳಾಸದಿಂದ ಬೇರೆಯವರಿಗೂ ಹೋಗುತ್ತಿರುತ್ತವೆ. ಅಂದರೆ ನೀವೂ ಹಂಚಿದಂತೆಯೇ.

ಉತ್ತರ 3: ಡಿಜಿಟಲ್ ಪ್ರೊಜೆಕ್ಷನ್‌ನಲ್ಲಿ ಕಣ್ಣಿಗೆ ಕಾಣದ ವಾಟರ್‌ಮಾರ್ಕ್ (ಚಿತ್ರದೊಳಗೆ ಅಡಗಿಸಿದ ಗುರುತು) ಇರುತ್ತದೆ. ಕಳ್ಳಪ್ರತಿ ಯಾವ ಪರದೆಯಿಂದ, ಯಾವ ಹೊತ್ತಿಗೆ ಹೊರಬಿತ್ತೆಂದು ಅದರಿಂದ ಪತ್ತೆಮಾಡುತ್ತಾರೆ. ಸಣ್ಣ ಬಜೆಟ್ಟಿನ ಕನ್ನಡ ಚಿತ್ರಕ್ಕೆ ಮೊದಲ ವಾರಾಂತ್ಯವೇ ಜೀವ, ಪ್ರತಿ ಅದರೊಳಗೇ ಸೋರಿದರೆ ಸೋಮವಾರ ಪ್ರದರ್ಶನಗಳೇ ಉಳಿಯುವುದಿಲ್ಲ.