ದೇವರು ನನ್ನ ಜೀವನಕ್ಕ ಇಟ್ಟಿರೋ ಉದ್ದೇಶ ಏನಂತ ಹೆಂಗ ತಿಳ್ಕೋಬೇಕು?

ಬೆಟಗೇರಿ_ಹುಡುಗ:
ಎಲ್ಲರಿಗೂ ವಂದನೆ. ನಂದು ಮೂಲ ಬೆಟಗೇರಿ, ಮುತ್ತಜ್ಜನ ಕಾಲದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಸಭಾದಾಗ ಇದ್ದ ಮನಿತನ, ಈಗ ಸಿಎಸ್ಐ, ಅಂದ್ರ ಚರ್ಚ್ ಆಫ್ ಸೌತ್ ಇಂಡಿಯಾ. ನಾನು ಬೆಂಗಳೂರಾಗ ಒಂದು ಕಂಪನಿಯೊಳಗ ಸಪೋರ್ಟ್ ಕೆಲಸ ಮಾಡ್ತೀನಿ, ನೈಟ್ ಶಿಫ್ಟ್. ಪಗಾರ ಬರ್ತೈತಿ, ಮನಿಗೆ ಕಳಸ್ತೀನಿ, ಅದ್ರಾಗ ಏನೂ ತಕರಾರಿಲ್ಲ. ಆದ್ರ ರಾತ್ರಿಪೂರ್ತಿ ಯಾರದೋ ಪಾಸ್‌ವರ್ಡ್ ರೀಸೆಟ್ ಮಾಡ್ಕೋತ ಕುಂತಾಗ ದೇವರು ನನ್ನನ್ನ ಇದಕ್ಕೇ ಹುಟ್ಟಿಸ್ಯಾನೇನು ಅಂತ ಅನಸ್ತೈತಿ. ಯೂತ್ ಕ್ಯಾಂಪಿನ್ಯಾಗ ಒಬ್ರು ಸೇವಕರು ಹೇಳಿದ್ರು, ದೇವರು ಪ್ರತಿಯೊಬ್ಬರಿಗೂ ಒಂದು ಪ್ಲಾನ್ ಇಟ್ಟಾನ, ಅದನ್ನ ತಪ್ಪಿಸ್ಕೊಂಡ್ರ ಜೀವನಾನೇ ವ್ಯರ್ಥ ಅಂತ. ಅವತ್ತಿಂದ ಮನಸಿಗೆ ಸಮಾಧಾನ ಇಲ್ಲ. ಹೊಸ ವರ್ಷದ ಆರಾಧನೆಗೆ ಸಿಕ್ಕ ವಾಗ್ದಾನ ಕಾರ್ಡಿನ್ಯಾಗ (ಬೈಬಲ್ ವಚನ ಬರದ ಚೀಟಿ) ಇದ್ದದ್ದು ಬೈಬಲಿನ ಯೆರೆಮೀಯ 29:11, ನಿಮಗೆ ಒಳ್ಳೇದು ಮಾಡೋ ಆಲೋಚನೆ ನನಗೈತಿ ಅನ್ನೋದು. ಆ ಆಲೋಚನೆ ಏನಂತ ಮಾತ್ರ ಗೊತ್ತಾಗವಲ್ದು. ಪ್ರಾರ್ಥನಾ ಮಾಡ್ತೀನಿ, ಉಪವಾಸ ಮಾಡೀನಿ, ಉತ್ತರ ಬಂದಿಲ್ಲ. ಕೆಲಸ ಬಿಟ್ಟು ಫುಲ್ ಟೈಮ್ ಸಭಾ ಸೇವೆಗೆ ಹೋಗಬೇಕೇನು? ದೊಡ್ಡವರು ದಾರಿ ಹೇಳ್ರಿ.

ಮೈಸೂರ್_ಬೈಬಲ್_ಸ್ಟಡಿ:
ಬ್ರದರ್, ಆ ಕಾರ್ಡಿಂದಾನೇ ಶುರು ಮಾಡ್ತೀನಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. 11ನೇ ವಚನ ಒಂದನ್ನೇ ಓದ್ಬೇಡಿ, ಅಧ್ಯಾಯದ ಮೊದಲಿಂದ ಓದಿ. ಅದು ಒಂದು ಪತ್ರ, ಯೆರೂಸಲೇಮಿಂದ ಬಾಬೆಲಿಗೆ, ಅಂದ್ರೆ ಬ್ಯಾಬಿಲೋನಿಗೆ, ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದು ಕಳಿಸಿದ್ದು. ಊರು ಹೋಯ್ತು, ದೇವಾಲಯ ದೂರ ಆಯ್ತು, ಸುತ್ತ ಗೊತ್ತಿಲ್ಲದ ಭಾಷೆ, ಇಲ್ಲಿ ನಮ್ಮ ಬದುಕಿಗೆ ಏನರ್ಥ ಅಂತ ಕೂತಿದ್ದ ಜನ ಅವರು. ಹಿಂದಿನ ಅಧ್ಯಾಯ ನೋಡಿದ್ರೆ ಹನನ್ಯ ಅನ್ನೋನು ಎರಡೇ ವರ್ಷದಲ್ಲಿ ಎಲ್ಲಾ ವಾಪಸ್ ಬರುತ್ತೆ ಅಂತ ಪ್ರವಾದನೆ ಹೇಳಿರ್ತಾನೆ, ಅದು ಸುಳ್ಳು ಪ್ರವಾದನೆ. ಅದರ ಮುಂದಿನ ಅಧ್ಯಾಯದಲ್ಲೇ ಈ ಪತ್ರ. ಇದರಲ್ಲಿ ದೇವರು ಏನ್ ಹೇಳ್ತಾನೆ? ಮನೆ ಕಟ್ಕೊಂಡು ಇರಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮದುವೆ ಆಗಿ ಮಕ್ಕಳು ಮಾಡ್ಕೊಳ್ಳಿ, ನೀವು ಸೆರೆಯಾಗಿ ಹೋಗಿರೋ ಆ ಪಟ್ಟಣದ ಕ್ಷೇಮಕ್ಕೋಸ್ಕರ ಪ್ರಾರ್ಥನೆ ಮಾಡಿ. 5ರಿಂದ 7ನೇ ವಚನ. ಆಮೇಲೆ 10ರಲ್ಲಿ ಎಪ್ಪತ್ತು ವರ್ಷ ಅಂತ ಬರುತ್ತೆ. ಅಂದ್ರೆ ಅವತ್ತು ಆ ಪತ್ರ ಕೇಳಿಸ್ಕೊಂಡ ವಯಸ್ಸಾದೋರು ತಿರುಗಿ ಊರು ನೋಡೋದೇ ಇಲ್ಲ, ಆದ್ರೂ ಒಳ್ಳೇ ಆಲೋಚನೆ ಅನ್ನೋ ಮಾತು ಅವರಿಗೂ ಸೇರಿಸಿ ಹೇಳಿದ್ದು.

ಈಗ ನೋಡಿ, ಅಲ್ಲಿ ಎಲ್ಲೂ ದೇವರು ಒಬ್ಬೊಬ್ಬರ ಕೈಗೂ ಒಂದೊಂದು ಗುಟ್ಟಿನ ಪ್ಲಾನ್ ಕೊಟ್ಟು ಇದನ್ನ ಕಂಡುಹಿಡಿ, ತಪ್ಪಿದ್ರೆ ಮುಗೀತು ಅಂತ ಹೇಳಿಲ್ಲ. ಮೀಕ 6:8 ಕೂಡ ಹಾಗೇ, ನ್ಯಾಯವಾಗಿ ನಡ್ಕೊ, ಕರುಣೆ ಪ್ರೀತಿಸು, ದೇವರ ಮುಂದೆ ತಗ್ಗಿ ನಡಿ, ಇಷ್ಟೇ ಕೇಳ್ತಾನೆ, ಇದರಲ್ಲಿ ಗುಟ್ಟೇನಿದೆ? ಉದ್ದೇಶ ಆಗ್ಲೇ ಹೇಳಿಯಾಗಿದೆ ಬ್ರದರ್. ಯಾವ ಕೆಲಸ, ಯಾವ ಊರು ಅನ್ನೋದು ಅದರ ಕೆಳಗೆ ಬರೋ ವಿಷಯ. ನಿಮ್ಮ ಶಿಫ್ಟಲ್ಲಿ ಪಕ್ಕದ ಸೀಟಲ್ಲಿ ಯಾರಿದಾರೆ, ಅವರ ಮನೇಲಿ ಏನ್ ಕಷ್ಟ ಇದೆ ಅಂತ ಕೇಳಿದೀರಾ? ಪಟ್ಟಣದ ಕ್ಷೇಮ ಅಂದ್ರೆ ಅಲ್ಲಿಂದ ಶುರು.

ಜೆಪ್ಪು_ಆಂಟಿ:
ಮಗಾ, ನಮ್ಮ ಮಂಗಳೂರಿನ ವಿಷಯ ಹೇಳ್ತೇನೆ. ಆ ಕಾಲದಲ್ಲಿ ಕ್ರೈಸ್ತರಾದವರಿಗೆ ಜಾತಿಯವರ ಆಸರೆ ಹೋಗ್ತಿತ್ತು, ಮನೆಯಿಂದ ಹೊರಗೆ, ದುಡಿಮೆಯೂ ಇಲ್ಲ. ಸಭೆ ಅವರಿಗೆ ಬರೀ ವಾಕ್ಯ ಕೊಟ್ಟರೆ ಹೊಟ್ಟೆ ತುಂಬ್ತದಾ? ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅಂತ ಒಬ್ಬರು ಇಲ್ಲಿಯ ಆವೆ ಮಣ್ಣು ನೋಡಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಮಣ್ಣು ಕಲಸುವುದು, ಹಂಚು ಒತ್ತುವುದು, ಸುಡುವುದು, ಎಷ್ಟು ಕುಟುಂಬ ಅದರಲ್ಲಿ ತಲೆ ಎತ್ತಿ ನಿಂತದ್ದು ಗೊತ್ತುಂಟಾ. ಪುಲ್ಪಿಟ್ಟಿನಲ್ಲಿ ನಿಂತು ಪ್ರಸಂಗ ಮಾಡುವುದು ಮಾತ್ರ ಸೇವೆ ಅಂತ ಯಾರು ಹೇಳಿದ್ದು? ಬೈಬಲಿನ ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪದ ದೊರ್ಕಳ ಕಥೆ ಓದು. ಅವಳು ಸತ್ತಾಗ ವಿಧವೆಯರು ಅಳ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದು ಕೊಟ್ಟ ಬಟ್ಟೆ. ಅವಳು ಪ್ರಸಂಗ ಮಾಡಿದ್ಳು ಅಂತ ಒಂದು ಮಾತೂ ಅಲ್ಲಿ ಇಲ್ಲ, ಆದ್ರೂ ದೇವರು ಅವಳನ್ನು ಎಬ್ಬಿಸಿದ. ನೀನು ಮನೆಗೆ ಹಣ ಕಳಿಸ್ತಿದ್ದಿಯಲ್ಲ, ಅದನ್ನು ಸಣ್ಣದು ಅಂತ ಎಣಿಸಬೇಡ ಮಗಾ.

ಶಿವಮೊಗ್ಗ_ವಿಶ್ವಾಸಿ:
ಮೇಲಿನೋರು ಹೇಳಿದ್ದೆಲ್ಲ ಸರಿ, ಆದ್ರೆ ಇದ್ದಲ್ಲೇ ಇರಿ ಅನ್ನೋದೊಂದೇ ಉತ್ತರ ಅಂತ ನಾನು ಒಪ್ಪಲ್ಲ. ದೇವರು ಹೆಸರಿಡಿದು ಕರೆಯೋದೂ ಇದೆ. ವೆಲ್ಲೂರಿನ ಐಡಾ ಸ್ಕಡರ್ ನೋಡಿ. ಮಿಷನರಿ ಮನೆತನದ ಹುಡುಗಿ, ಆದ್ರೆ ಇಂಡಿಯಾದಲ್ಲಿ ಇರೋ ಮನಸ್ಸೇ ಇರ್ಲಿಲ್ಲ, ತಾಯಿಗೆ ಹುಷಾರಿಲ್ಲ ಅಂತ ಅಮೆರಿಕದಿಂದ ಬಂದಿದ್ದು ಅಷ್ಟೇ. ತಿಂಡಿವನಂನಲ್ಲಿ ಒಂದೇ ರಾತ್ರಿ ಮೂರು ಜನ ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಂದು ಹೆಂಡತಿಗೆ ಹೆರಿಗೆ ಕಷ್ಟ ಆಗ್ತಿದೆ ಬನ್ನಿ ಅಂದ್ರು. ಇವರಿಗೆ ವೈದ್ಯ ಗೊತ್ತಿಲ್ಲ, ಇವರ ತಂದೆ ಡಾಕ್ಟರು, ಗಂಡಸು ಡಾಕ್ಟರು ಬೇಡ ಅಂತ ಬಂದ ಗಂಡಸರು ವಾಪಸ್ ಹೋದ್ರು. ಬೆಳಗಾಗೋದ್ರಲ್ಲಿ ಮೂರು ಹೆಣ್ಣುಮಕ್ಕಳೂ ತೀರ್ಕೊಂಡಿದ್ರು. ಐಡಾ ತಿರುಗಿ ಅಮೆರಿಕಕ್ಕೆ ಹೋಗಿ ಡಾಕ್ಟರ್ ಓದಿ 1900ರಲ್ಲಿ ವಾಪಸ್ ಬಂದ್ರು, 1918ರಲ್ಲಿ ಹೆಣ್ಣುಮಕ್ಕಳಿಗೇ ಅಂತ ಮೆಡಿಕಲ್ ಸ್ಕೂಲ್ ತೆಗೆದ್ರು, ಇವತ್ತಿನ ಸಿಎಂಸಿ, ಅಂದ್ರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್, ಅದೇ. ಆದ್ರೆ ಒಂದು ಗಮನಿಸಿ, ಕರೆ ಬಂದಿದ್ದು ನನ್ನ ಉದ್ದೇಶ ಏನು ಅಂತ ಕೂತು ಹುಡುಕಿದಾಗ ಅಲ್ಲ, ಇನ್ನೊಬ್ಬರ ನೋವು ಬಾಗಿಲಿಗೆ ಬಂದಾಗ. ಹಾಗಾಗಿ ತಮ್ಮಾ, ಯಾರ ನೋವು ನೋಡಿದ್ರೆ ನಿನಗೆ ಸುಮ್ನೆ ಇರೋಕಾಗಲ್ಲ ಅಂತ ಕೇಳ್ಕೋ. ಅದಕ್ಕೆ ಕಲಿಯೋದಿದ್ರೆ ಕಲಿ, ಊರು ಬಿಡಬೇಕಾದ್ರೆ ಬಿಡು, ಹೆದರಬೇಡ.

ಕುಲಶೇಖರ_ಕ್ಯಾಥೊಲಿಕ್:
ನಾನು ಕ್ಯಾಥೊಲಿಕ್, ಹೇಳ್ಬಹುದಾ ಗೊತ್ತಿಲ್ಲ, ಆದ್ರೆ ಈ ವಿಷಯಕ್ಕೆ ನಮ್ಮಲ್ಲಿ ಒಂದು ಒಳ್ಳೆ ಕ್ರಮ ಉಂಟು. ಸಂತ ಇಗ್ನೇಷಿಯಸ್ ಲೊಯೋಲ ಸೈನಿಕ, 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದವರು. ಮಲಗಿದಲ್ಲಿ ಎರಡು ತರದ ಕನಸು ಕಾಣ್ತಿದ್ರು, ಒಂದು ದೊಡ್ಡ ವೀರನಾಗಿ ಹೆಸರು ಮಾಡೋದು, ಇನ್ನೊಂದು ಸಂತರ ಹಾಗೆ ಬದುಕೋದು. ಎರಡೂ ಯೋಚಿಸುವಾಗ ಖುಷಿಯೇ, ಆದ್ರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದ ಹಾಗೆ, ಎರಡನೆಯದು ಮುಗಿದ ಮೇಲೂ ಸಂತೋಷ ಉಳೀತಿತ್ತು. ದೇವರು ಎಲ್ಲಿ ಎಳೀತಿದ್ದಾನೆ ಅಂತ ಅವರು ತಿಳಿದುಕೊಂಡದ್ದು ಹೀಗೆ. ನೀವೂ ದಿನಾ ಮಲಗುವ ಮೊದಲು, ನಿಮ್ಮದು ನೈಟ್ ಶಿಫ್ಟ್ ಅಂದ್ರೆ ಬೆಳಿಗ್ಗೆ, ಇಡೀ ದಿನ ಹಿಂದೆ ತಿರುಗಿ ನೋಡಿ, ಎಲ್ಲಿ ಪ್ರೀತಿ ಹೆಚ್ಚಾಯ್ತು ಎಲ್ಲಿ ಮನಸ್ಸು ಮುದುಡಿತು ಅಂತ ದೇವರ ಹತ್ರ ಮಾತಾಡಿ. ಸ್ವಲ್ಪ ಸಮಯ ಆದ ಮೇಲೆ ಒಂದು ದಾರಿ ಕಾಣ್ತದೆ.

ಮತ್ತೆ ಅವರದ್ದೇ ಇನ್ನೊಂದು ನಿಯಮ ಉಂಟು, ನಿಮಗೆ ಅದು ತುಂಬಾ ಮುಖ್ಯ. ಮನಸ್ಸು ಕತ್ತಲೆಯಲ್ಲಿರುವಾಗ, ದೇವರು ದೂರ ಹೋದ ಹಾಗೆ ಅನಿಸುವಾಗ ಮೊದಲು ಮಾಡಿದ ತೀರ್ಮಾನ ಬದಲಾಯಿಸಬಾರದು. ಈಗ ನಿಮ್ಮಲ್ಲಿ ಇರೋದು ಹೆದರಿಕೆ. ಹೆದರಿಕೆಯಲ್ಲಿ ರಾಜೀನಾಮೆ ಕೊಡಬೇಡಿ ಮಾರಾಯ್ರೇ. ನಿದ್ದೆ ಸರಿ ಆಗ್ತದಾ ಅಂತಲೂ ನೋಡಿ, ನೈಟ್ ಶಿಫ್ಟಿನಲ್ಲಿ ಮನಸ್ಸು ಕುಗ್ಗೋದು ಬೇರೆ. ದಿನಗಟ್ಟಲೆ ಹಾಗೇ ಇದ್ರೆ ಡಾಕ್ಟರಿಗೆ ತೋರಿಸಿ, ಅದು ವಿಶ್ವಾಸ ಕಮ್ಮಿ ಅಂತ ಅಲ್ಲ.

ಬೆಟಗೇರಿ_ಹುಡುಗ:
ಎಲ್ಲರಿಗೂ ಭಾಳ ಥ್ಯಾಂಕ್ಸ್. ಯೆರೆಮೀಯ 28, 29 ಎರಡೂ ಕುಂತು ಓದಿದೆ, ತೋಟ ಹಾಕ್ರಿ ಅನ್ನೋ ಮಾತು ಆ ಪತ್ರದಾಗ ಐತಿ ಅಂತ ಗೊತ್ತೇ ಇರಲಿಲ್ಲ, ಓದಿ ಎದಿ ಹಗುರಾತು. ಶಿವಮೊಗ್ಗದ ಅಣ್ಣಾರು ಕೇಳಿದ್ದಕ್ಕ ಹೇಳ್ತೀನಿ, ನಮ್ಮ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕ ಬಂದವರ ಮಕ್ಕಳು ನಮ್ಮ ಪಿಜಿ ಹತ್ರ ಶೆಡ್ಡಿನ್ಯಾಗ ಇರ್ತಾವು, ಸಾಲಿಗೆ ಹೋಗಂಗಿಲ್ಲ, ಅವನ್ನ ನೋಡಿದ್ರ ನನಗ ಊಟ ಹೋಗಂಗಿಲ್ಲ. ಸದ್ಯಕ್ಕ ಕೆಲಸ ಬಿಡಂಗಿಲ್ಲ. ಶಿಫ್ಟಿಗೆ ಹೋಗೋಕ್ಕಿಂತ ಮೊದಲ ಸಂಜೀಕ ಅವಕ್ಕ ಓದು ಬರಹ ಹೇಳ್ಕೊಡ್ಬೇಕಂತ ಮಾಡೀನಿ. ಕುಲಶೇಖರದವರೇ, ನಿಮ್ಮಲ್ಲಿ ಕೆಲವು ದಿನ ಪ್ರಾರ್ಥನಾ, ಧ್ಯಾನದಾಗ ಇರೋ ರಿಟ್ರೀಟ್ ಅಂತ ಮಾಡ್ತಾರಲ್ರಿ, ಅದಕ್ಕ ಸಿಎಸ್ಐದವ್ರು ಬರಬಹುದೇನು?

ಕುಲಶೇಖರ_ಕ್ಯಾಥೊಲಿಕ್:
ಬೇರೆ ಸಭೆಯವರನ್ನೂ ಸೇರಿಸಿಕೊಳ್ಳುವ ಕಡೆ ಉಂಟು, ಫೋನ್ ಮಾಡಿ ಮೊದಲೇ ಕೇಳಿ. ವೀಕೆಂಡಿನದ್ದು ಸಾಕು ಶುರುವಿಗೆ. ಹೋಗುವ ಮೊದಲು ನಿಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೂ ಒಂದು ಮಾತು ಹೇಳಿ. ಮತ್ತೆ ಆ ಮಕ್ಕಳ ತಂದೆತಾಯಿ ಹತ್ರ ಮೊದಲು ಮಾತಾಡಿ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಸೀಟ್ ಕೇಳಿ, 6ರಿಂದ 14 ವರ್ಷದವರಿಗೆ ಅದು ಹಕ್ಕು, ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಬೇಕು.