‘ತೆಗೆ’ ಎಂಬ ಕ್ರಿಯಾಪದ: ಎಐ ಏಜೆಂಟಿಗೆ ಬರೆಯುವ ವಿವರಣೆಯಲ್ಲಿ ಯಾವ ರೂಪ ಸರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಸಣ್ಣ ಗ್ರಂಥಾಲಯಗಳು ಬಳಸುವ ತಂತ್ರಾಂಶವೊಂದಕ್ಕೆ ಕನ್ನಡ ಬರಹದ ಕೆಲಸ ನನ್ನದು. ಈಗ ಅದಕ್ಕೆ ಎಐ ಏಜೆಂಟ್ ಸೇರಿಸುತ್ತಿದ್ದಾರೆ. ಓದುಗರೋ ಸಿಬ್ಬಂದಿಯೋ ಮಾತಿನಲ್ಲಿ ಕೇಳಿದ್ದನ್ನು ಅದು ಅರ್ಥಮಾಡಿಕೊಂಡು, ತನಗೆ ಕೊಟ್ಟಿರುವ ಟೂಲುಗಳಲ್ಲಿ, ಅಂದರೆ ಒಂದೊಂದು ಕೆಲಸಕ್ಕೆಂದು ಮಾಡಿಟ್ಟ ಸಣ್ಣ ಸಾಧನಗಳಲ್ಲಿ, ಸರಿಯಾದದ್ದನ್ನು ಆರಿಸಿ ಕೆಲಸ ಮುಗಿಸಬೇಕು.

ಈ ಏಜೆಂಟಿಗೆ ಸಾಮಾನ್ಯವಾಗಿ ಟೂಲಿನ ಒಳಗಿನ ಕೋಡ್ ಕಾಣುವುದಿಲ್ಲ. ಅದರ ಮುಂದಿರುವುದು ಟೂಲಿನ ಹೆಸರು, ಕೆಲವು ವಾಕ್ಯಗಳ ವಿವರಣೆ, ಏನೇನು ಮಾಹಿತಿ ತುಂಬಬೇಕೆಂಬ ಪಟ್ಟಿ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ (ಎಂಸಿಪಿ), ಅಂದರೆ ಎಐಯನ್ನು ಹೊರಗಿನ ಟೂಲುಗಳಿಗೆ ಜೋಡಿಸುವ ಸಾಮಾನ್ಯ ನಿಯಮಾವಳಿ, ಟೂಲನ್ನು ಪರಿಚಯಿಸುವುದೂ ಹೀಗೆಯೇ. ಹಾಗಾಗಿ ವಿವರಣೆಯ ಒಂದು ಕ್ರಿಯಾಪದ ಜಾರಿದರೆ ಕೆಲಸವೇ ಜಾರುತ್ತದೆ. ವಿವರಣೆಯನ್ನು ಒರೆಗೆ ಹಚ್ಚುವ ಕ್ರಮವೂ ಇದನ್ನೇ ಹಿಡಿಯಲೆಂದು ಇರುವುದು. ಕೋಡನ್ನು ಮುಟ್ಟದೆ ವಾಕ್ಯವನ್ನಷ್ಟೇ ಬದಲಿಸುತ್ತೇವೆ. ಅದೇ ಕೋರಿಕೆಗಳನ್ನು ಹಲವು ಸಲ ಕೊಟ್ಟು ನೋಡುತ್ತೇವೆ. ಸರಿಯಾದ ಟೂಲನ್ನು ಆರಿಸಿತೇ, ತುಂಬಬೇಕಾದ್ದನ್ನು ಸರಿಯಾಗಿ ತುಂಬಿತೇ, ಯಾವ ಟೂಲೂ ಬೇಡವಾದಾಗ ಸುಮ್ಮನಿತ್ತೇ? ಈ ಕೊನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಅದು ತಪ್ಪು ಎಂದು ನನಗನಿಸುತ್ತದೆ.

ವಿವರಣೆ ಕನ್ನಡದಲ್ಲೇ ಏಕೆ ಬೇಕೆಂದು ಕೆಲವರು ಕೇಳಬಹುದು. ಏಜೆಂಟಿಗೆ ಏನು ಹೇಳಿಕೊಟ್ಟಿದ್ದಾರೆ ಎಂಬುದನ್ನು ಗ್ರಂಥಪಾಲಕರು ತಾವೇ ಓದಿ ಒಪ್ಪುವಂತಿರಬೇಕು. ತಮ್ಮ ಸದಸ್ಯರ ಮಾಹಿತಿಗೆ ಅವರೇ ಹೊಣೆ.

ಈಗ ಪದಕ್ಕೆ ಬರುತ್ತೇನೆ. ಕರಡಿನಲ್ಲಿ ಒಂದು ವಾಕ್ಯ ಹೀಗಿದೆ: ‘ಸದಸ್ಯರ ಖಾತೆಯನ್ನು ತೆಗೆಯುತ್ತದೆ.’ ಹೊಸ ಖಾತೆ ಆರಂಭಿಸುತ್ತದೆಯೋ, ಇರುವ ಖಾತೆಯನ್ನು ಪರದೆಯ ಮೇಲೆ ತೆರೆದು ತೋರಿಸುತ್ತದೆಯೋ, ಇಲ್ಲವಾಗಿಸುತ್ತದೆಯೋ? ಮೂರೂ ಸಹಜ ಕನ್ನಡವೇ. ‘ಬಾಗಿಲು ತೆಗಿ’ ಎಂದರೆ ತೆರೆ. ‘ಕಸ ತೆಗಿ’ ಎಂದರೆ ಆಚೆ ಹಾಕು. ‘ಫೋಟೊ ತೆಗಿ’ ಎಂದರೆ ಸಂದರ್ಭ ನೋಡಿ ಹೊಸದಾಗಿ ಹಿಡಿ, ಅಥವಾ ಗೋಡೆಯಿಂದ ಇಳಿಸು. ಹಳಗನ್ನಡದಲ್ಲಂತೂ ಬಿಲ್ಲಿನ ಹೆದೆಯನ್ನು ಎಳೆಯುವುದಕ್ಕೂ ಇದೇ ‘ತೆಗೆ’. ತನ್ನತ್ತ ಎಳೆದುಕೊಳ್ಳುವ ಆ ಅರ್ಥದಿಂದಲೇ ಉಳಿದವೆಲ್ಲ ಕವಲೊಡೆದವೇ ಎಂದು ಧಾತುಗಳನ್ನು ಬಲ್ಲವರು ಹೇಳಬೇಕು.

ಮಾತಿನಲ್ಲಿ ನಮಗೆ ಗೊಂದಲವಾಗದಿರಲು ಕಾರಣ ಪಕ್ಕದ ಪದಗಳು. ‘ಅಜ್ಜಿ ಹೆಸರಲ್ಲಿ ಒಂದು ಖಾತೆ ತೆಗೀರಿ’ ಎಂದಾಗ ‘ಒಂದು’ ಎಂಬುದೇ ಹೊಸದೆಂದು ಹೇಳಿಬಿಡುತ್ತದೆ. ‘ಆ ಹಳೇ ಖಾತೆ ತೆಗೀರಿ’ ಎಂದಾಗ ‘ಆ’, ‘ಹಳೇ’ ಎರಡೂ ಸೇರಿ ಬೇರೆ ಕಡೆಗೆ ಕೈತೋರುತ್ತವೆ. ಟೂಲಿನ ವಿವರಣೆ ಮಾತ್ರ ಯಾವ ಸಂದರ್ಭವೂ ಇಲ್ಲದೆ ಒಂಟಿಯಾಗಿ ನಿಲ್ಲಬೇಕು.

‘ಇಂದ’ ಎಂಬ ವಿಭಕ್ತಿ ಪ್ರತ್ಯಯ ಸೇರಿಸಿದರೆ ಸಾಕು ಎಂದು ಗೆಳೆಯರೊಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ‘ಪಟ್ಟಿಯಿಂದ ವಿಳಾಸ ತೆಗೆಯುತ್ತದೆ’ ಎಂಬುದನ್ನು ನೋಡಿ. ವಿಳಾಸವನ್ನು ಹುಡುಕಿ ನಿಮ್ಮ ಕೈಗೆ ಕೊಡುತ್ತದೆ ಎಂದೂ ಆಗುತ್ತದೆ, ಪಟ್ಟಿಯಲ್ಲಿ ಇನ್ನು ಮುಂದೆ ವಿಳಾಸ ಇರುವುದಿಲ್ಲ ಎಂದೂ ಆಗುತ್ತದೆ. ಒಂದು ಬರೀ ಓದುವ ಕೆಲಸ, ಇನ್ನೊಂದು ದಾಖಲೆ ಕಳೆಯುವ ಕೆಲಸ. ಟೂಲಿನ ಹೆಸರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿದ್ದರೂ ಹೀಗೆ ಎರಡು ಅರ್ಥ ಕೊಡುವ ವಿವರಣೆಗೆ ನಾನು ಅಂಕ ಕೊಡಲಾರೆ. ಓದಿ ಒಪ್ಪಬೇಕಾದ ಗ್ರಂಥಪಾಲಕರ ಮುಂದಿರುವುದು ಈ ಕನ್ನಡ ವಾಕ್ಯ.

ಪರಿಹಾರ ನಮ್ಮ ಸಹಾಯಕ ಕ್ರಿಯಾಪದಗಳಲ್ಲೇ ಇದೆ ಎಂಬುದು ನನ್ನ ವಾದ. ‘ತೆಗೆದುಕೊಡು’ ಎಂದರೆ ಹುಡುಕಿ ಕೈಗಿಡುವುದು. ‘ತೆಗೆದಿಡು’ ಎಂದರೆ ಬೇರೆಯಾಗಿ ಕಾಯ್ದಿರಿಸುವುದು; ಓದುಗರಿಗಾಗಿ ಪುಸ್ತಕ ಎತ್ತಿಡುವ ಟೂಲಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆದಿಲ್ಲ. ‘ತೆಗೆದುಹಾಕು’ ಎಂದರೆ ಇದ್ದ ಜಾಗದಿಂದ ಹೊರಗೆ. ಕೊಡು, ಇಡು, ಹಾಕು ಬಂದ ಕೂಡಲೇ ವಸ್ತು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಖಚಿತವಾಗುತ್ತದೆ. ಬರಿಯ ‘ತೆಗೆ’ಯನ್ನು ವಿವರಣೆಗಳಲ್ಲಿ ಬಳಸಲೇಬಾರದು, ಪರಿಶೀಲಿಸುವವರು ಅದನ್ನು ಕಂಡಲ್ಲೆಲ್ಲ ಗುರುತು ಹಾಕಬೇಕು ಎಂದು ನಿಯಮ ಮಾಡಲು ಹೊರಟಿದ್ದೇನೆ.

ನನಗೆ ತೊಡಕಾಗಿರುವುದು ‘ತೆಗೆದುಹಾಕು’ ಮತ್ತು ‘ಅಳಿಸು’ಗಳ ನಡುವಿನ ಗೆರೆ. ‘ಅವರನ್ನು ಸಮಿತಿಯಿಂದ ತೆಗೆದುಹಾಕಿದರು’ ಎಂದರೆ ಮನುಷ್ಯ ಇದ್ದಾನೆ, ಸಮಿತಿಯಲ್ಲಿ ಮಾತ್ರ ಇಲ್ಲ. ‘ಹಲಗೆಯ ಮೇಲಿನ ಬರಹ ಅಳಿಸಿದರು’ ಎಂದರೆ ಬರಹ ಎಲ್ಲಿಯೂ ಉಳಿದಿಲ್ಲ. ಈ ಭೇದ ಎಲ್ಲ ಕಡೆಯ ಕನ್ನಡಿಗರ ಕಿವಿಗೂ ಕೇಳಿಸುವುದಾದರೆ, ಓದುಪಟ್ಟಿಯಿಂದ ಪುಸ್ತಕ ಬಿಡುವುದಕ್ಕೆ ಮೊದಲನೆಯದನ್ನೂ ಖಾತೆಯನ್ನು ಶಾಶ್ವತವಾಗಿ ಇಲ್ಲವಾಗಿಸುವುದಕ್ಕೆ ಎರಡನೆಯದನ್ನೂ ಮೀಸಲಿಡಬಹುದು. ಅಳುವಂತೆ ಮಾಡುವುದೂ ‘ಅಳಿಸು’ವೇ, ಆದರೆ ಖಾತೆಯ ಮಾತಿನಲ್ಲಿ ಅದರಿಂದ ತೊಂದರೆಯಾಗದು. ‘ರದ್ದು ಮಾಡು’ ಬೇರೆಯೇ: ದಾಖಲೆ ಉಳಿದು ಅದರ ಬಲವಷ್ಟೇ ಹೋಗುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. 2025ರ ಮಾರ್ಚಿನ ಆವೃತ್ತಿಯಿಂದ ಎಂಸಿಪಿಯಲ್ಲಿ ಟೂಲಿನ ಸ್ವಭಾವ ತಿಳಿಸುವ ಕೆಲವು ಸುಳಿವುಗಳನ್ನು ಜೋಡಿಸಬಹುದು. ಅವುಗಳಲ್ಲಿ ಒಂದು ‘ಡಿಸ್ಟ್ರಕ್ಟಿವ್’. ‘ವಿನಾಶಕಾರಿ’ ಎಂದರೆ ನೆರೆ, ಯುದ್ಧ ನೆನಪಾಗುತ್ತದೆ; ‘ಹಾನಿಕರ’ ಎಂದರೆ ಕೆಲಸವೇ ಕೆಟ್ಟದ್ದೆಂದಾಗುತ್ತದೆ. ಅಲ್ಲಿನ ಅರ್ಥ ಇಷ್ಟೇ: ಹೊಸದನ್ನು ಸೇರಿಸುವುದಕ್ಕಷ್ಟೇ ನಿಲ್ಲದೆ, ಇರುವುದನ್ನು ಕಳೆಯಲೂಬಹುದು. ಸದ್ಯಕ್ಕೆ ‘ಇರುವುದನ್ನು ಕಳೆಯಬಲ್ಲ’ ಎಂದು ಬರೆದಿದ್ದೇನೆ. ಆದರೆ ‘ಕಳೆ’ಗೂ ಕಾಲ ಕಳೆಯುವುದು, ಲೆಕ್ಕದಲ್ಲಿ ಕಳೆಯುವುದು, ಕಳೆದುಕೊಳ್ಳುವುದು ಎಂಬ ಬಾಲಗಳಿವೆ. ಇದಕ್ಕಿಂತ ಚಿಕ್ಕದಾದ, ನೇರವಾದ ಪದ ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಮುಖ್ಯವಾಗಿ, ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ‘ತೆಗೆದುಹಾಕು’, ‘ಅಳಿಸು’ ಇವನ್ನು ಮನೆಮಾತಿನಲ್ಲಿ ಎಲ್ಲೆಲ್ಲಿ ಬಳಸುತ್ತೀರಿ, ಅವುಗಳ ಬದಲು ಬೇರೇನಾದರೂ ಹೇಳುತ್ತೀರಾ ಎಂದು ಬರೆಯಿರಿ. ಬರೀ ಪದವಲ್ಲ, ಪೂರ್ತಿ ವಾಕ್ಯ ಕೊಟ್ಟರೆ ಅದನ್ನೇ ಪರೀಕ್ಷೆಯ ಕೋರಿಕೆಗಳ ಜೊತೆ ಸೇರಿಸಿಕೊಳ್ಳುತ್ತೇನೆ.

ವಂದನೆಗಳು.