ಜೋಡಿ ಸಿಲಿಂಡರ್‌ಗೆ ಬ್ಯಾಂಡ್ ಹಾಕೋದು: ಚೇತುಗೆ ಉತ್ತರ

ಚೇತು, ಈಗಷ್ಟೇ ನಿನ್ನ ಮೆಸೇಜ್ ನೋಡ್ದೆ ಕಣೋ. ಸ್ಕೂಬಾ ಡೈವಿಂಗಿಗೆ ಬೆನ್ನಿಗೆ ಕಟ್ಕೊಳ್ಳೋ ಎರಡು ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ 80 ಸಿಲಿಂಡರ್, ಒಂದು ಮ್ಯಾನಿಫೋಲ್ಡ್, ಎರಡು ಸಿಲಿಂಡರನ್ನೂ ಒಟ್ಟಿಗೆ ಹಿಡಿಯೋ ಒಂದು ಜೊತೆ ಸ್ಟೀಲ್ ಬ್ಯಾಂಡ್ ಫೋಟೋ ಹಾಕಿ ಮೂರು ಪ್ರಶ್ನೆ ಕೇಳಿದ್ದೀಯ. ಮೇಲಿನ ಬ್ಯಾಂಡ್ ಎಲ್ಲಿಗೆ ಬರ್ಬೇಕು, ಎಷ್ಟು ಟೈಟ್ ಮಾಡ್ಬೇಕು, ಇದು ಹೊಂದದಿದ್ರೆ ಮೈಸೂರಿನ ಮೇಟಗಳ್ಳಿ ವರ್ಕ್‌ಶಾಪಲ್ಲಿ ಹೊಸದು ಮಾಡಿಸ್ಬಹುದಾ ಅಂತ. ಟೈಪ್ ಮಾಡಿದ್ರೆ ಮುಗಿಯಲ್ಲ, ಹೇಳ್ಕೊಂಡು ಹೋಗ್ತೀನಿ. ಪೂರ್ತಿ ಕೇಳಿಸ್ಕೊಂಡು ಆಮೇಲೆ ಸ್ಪ್ಯಾನರ್ ಮುಟ್ಟು. ಅಕ್ಕ, ನೀನೂ ಕೇಳಿಸ್ಕೊ, ನಿನಗೂ ಒಂದು ಕೆಲಸ ಇದೆ.

ಮೊದಲು ಒಂದು ಮಾತು ತಲೇಲಿ ಇಟ್ಕೋ, ಮಿಕ್ಕಿದ್ದೆಲ್ಲ ಅದರಿಂದಾನೇ ಬರುತ್ತೆ. ನಮ್ಮ ಮಂಡ್ಯ ಕಡೆ ಜೋಡೆತ್ತು ಗಾಡಿ ಎಳೆಯೋದು ನೊಗದಲ್ಲಿ, ಮೂಗುದಾರದಲ್ಲಲ್ಲ. ಇಲ್ಲಿ ಬ್ಯಾಂಡೇ ನೊಗ. ಮೇಲೆ ಎರಡು ವಾಲ್ವ್ ಸೇರಿಸೋ ಮ್ಯಾನಿಫೋಲ್ಡ್ ಮೂಗುದಾರ ಇದ್ದ ಹಾಗೆ. ಗಾಳಿ ಆಚೆಯಿಂದ ಈಚೆಗೆ ಹರಿಯೋದಷ್ಟೇ ಅದರ ಕೆಲಸ. ಗಾಳಿ ತುಂಬಿದ ಜೋಡಿ 35 ಕೆಜಿ ದಾಟುತ್ತೆ, ಆ ಭಾರ ಎಲ್ಲ ಬ್ಯಾಂಡ್ ಹೊರಬೇಕು. ಬ್ಯಾಂಡ್ ಸಡಿಲ ಇದ್ರೆ ಒಂದು ಸಿಲಿಂಡರ್ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ತಿರುಚುತ್ತೆ. ಆ ತಿರುಚೆಲ್ಲ ಮ್ಯಾನಿಫೋಲ್ಡಿನ ಅಡ್ಡ ಕೊಳವೆ ಮೇಲೆ ಬಿದ್ದು, ಅದರ ಎರಡು ತುದೀಲಿರೋ ಓರಿಂಗ್ ಅನ್ನೋ ರಬ್ಬರ್ ಉಂಗುರ ಜಾಗ ಬಿಟ್ಟು ಹೊರಳುತ್ತೆ. ಲೀಕ್ ಶುರುವಾಗೋದು ಅಲ್ಲಿಂದ, ಅದೂ ನಿನ್ನ ಕಣ್ಣಿಗೆ ಕಾಣದ ಬೆನ್ನ ಹಿಂದೆ.

ಈಗ ಅಳತೆ. ಅಲ್ಯೂಮಿನಿಯಂ 80 ಸಿಲಿಂಡರಿನ ಡಯಾಮೀಟರ್ 184 ಎಂಎಂ. ಸ್ಟೀಲಿನ ಉದ್ದನೆ 12 ಲೀಟರ್‌ದು 171 ಎಂಎಂ. ಇನ್ನೂ ದಪ್ಪದ ಸ್ಟೀಲ್ ಸಿಲಿಂಡರ್ 203 ಎಂಎಂ ಬರುತ್ತೆ. ಬ್ಯಾಂಡ್ ಈ ಮೂರರಲ್ಲಿ ಯಾವುದಕ್ಕೋ ಒಂದಕ್ಕೇ ಮಾಡಿರ್ತಾರೆ. ಫೋಟೋ ನೋಡಿ ನಾನು ಹೇಳೋಕಾಗಲ್ಲ, ನೀನೇ ಅಳಿ. ಟೈಲರ್ ಟೇಪ್ ತಗೊಂಡು ಸಿಲಿಂಡರ್ ಸುತ್ತಳತೆ ನೋಡು. 184ರದ್ದಾದ್ರೆ 578 ಎಂಎಂ ಬರುತ್ತೆ, 171ರದ್ದಾದ್ರೆ 537. ಬ್ಯಾಂಡಿನ ಗುಂಡಗಿರೋ ಭಾಗದ ಒಳ ಅಗಲಾನೂ ಅಳೆದು ಹೊಂದಿಸಿ ನೋಡು. ಮ್ಯಾನಿಫೋಲ್ಡಿಗೂ ಒಂದು ಅಳತೆ ಇದೆ, ಒಂದು ಸಿಲಿಂಡರ್ ಕತ್ತಿನ ಸೆಂಟರಿಂದ ಇನ್ನೊಂದರ ಸೆಂಟರಿಗೆ. ನಿಂದು 215 ಎಂಎಂನದ್ದಾದ್ರೆ ಎರಡು ಸಿಲಿಂಡರ್ ಮಧ್ಯೆ 31 ಎಂಎಂ ಸಂದು ಇರ್ಬೇಕು. ಬ್ಯಾಂಡೂ ಅದೇ ಅಂತರ ಕೊಡ್ಬೇಕು. ಬ್ಯಾಂಡ್ ಒಂದು ಅಂತರ, ಮ್ಯಾನಿಫೋಲ್ಡ್ ಇನ್ನೊಂದು ಅಂತರ ಅಂದ್ರೆ ನೀನು ಬೋಲ್ಟ್ ಬಿಗಿ ಮಾಡಿದಷ್ಟೂ ಮ್ಯಾನಿಫೋಲ್ಡ್ ಬಗ್ಗುತ್ತೆ.

ಕತ್ತಿನ ಥ್ರೆಡ್ ಕೂಡ ನೋಡು, ಇದು ಜೀವದ ವಿಷಯ. ಅಲ್ಯೂಮಿನಿಯಂ 80ಗಳಲ್ಲಿ ಬಹಳಷ್ಟಕ್ಕೆ ಮುಕ್ಕಾಲು ಇಂಚಿನ ಥ್ರೆಡ್ಡು, ಯುರೋಪಿಂದ ಬಂದಿದ್ರಲ್ಲಿ ಎಂ25, ಅಂದ್ರೆ 25 ಎಂಎಂನ ಥ್ರೆಡ್ಡು. ಎಂ25 ವಾಲ್ವ್ ಮುಕ್ಕಾಲು ಇಂಚಿನ ಕತ್ತಿಗೆ ಸ್ವಲ್ಪ ಸುತ್ತು ಹತ್ತಿ ಕೂತ ಹಾಗೆ ಕಾಣುತ್ತೆ, ಪ್ರೆಶರ್ ಏರಿದಾಗ ಗುಂಡಿನ ಹಾಗೆ ಹಾರುತ್ತೆ. ಸಿಲಿಂಡರ್ ಭುಜದ ಮೇಲೂ ವಾಲ್ವ್ ಮೇಲೂ ಕೊರೆದಿರೋ ಗುರುತು ಎರಡನ್ನೂ ಓದಿ ಒಂದೇ ಅಂತ ಖಾತ್ರಿ ಮಾಡ್ಕೋ. ಅಲ್ಲೇ ತಯಾರಾದ ವರ್ಷ, ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡೋ ಪ್ರೆಶರ್ ಪರೀಕ್ಷೆ) ತಾರೀಖು ಇರುತ್ತೆ. ಸೆಕೆಂಡ್ ಹ್ಯಾಂಡ್ ಅಂದ್ಯಲ್ಲ, 1990ಕ್ಕಿಂತ ಹಿಂದಿನದ್ದಾದ್ರೆ ಹಾಕಲೇಬೇಡ. ಆಗಿನ ಎಷ್ಟೋ ಸಿಲಿಂಡರ್ 6351 ಅನ್ನೋ ಮಿಶ್ರಲೋಹದ್ದು, ಕತ್ತಿನ ಹತ್ತಿರ ಬಿರುಕು ಬಿಡೋ ಜಾತಿ. ಎರಡೂ ಸಿಲಿಂಡರ್ ಒಂದೇ ಮಾದರಿ, ಒಂದೇ ಎತ್ತರ ಇರ್ಬೇಕು. ಕೆಳಗೆ ಬೂಟ್, ಅಂದ್ರೆ ಬುಡದ ರಬ್ಬರ್ ಕವಚ ಹಾಕೋದಾದ್ರೆ ಎರಡಕ್ಕೂ ಹಾಕು, ಇಲ್ಲಾಂದ್ರೆ ಎರಡಕ್ಕೂ ಬೇಡ.

ಜೋಡಿಸೋಕೆ ಮುಂಚೆ ಎರಡರಲ್ಲೂ ಗಾಳಿ ಪೂರ್ತಿ ಖಾಲಿ. ಸ್ವಲ್ಪ ಇದೆ, ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲ. ಹಾಲಿನ ಗ್ರಾನೈಟ್ ನೆಲ ಆಗುತ್ತೆ, ರಸಮಟ್ಟ ಇಟ್ಟು ನೋಡ್ಕೋ. ಕತ್ತಿನ ಓರಿಂಗ್ ಹೊಸದು ಹಾಕಿ ವಾಲ್ವ್ ಎರಡನ್ನೂ ಕತ್ತಿಗೆ ಪೂರ್ತಿ ಕೂರಿಸು. ಕೂರಿಸಿದ ಮೇಲೆ ಅವು ಯಾವ ಕಡೆಗಾದ್ರೂ ಮುಖ ಮಾಡಿ ನಿಲ್ಲುತ್ತೆ. ಎದುರುಬದುರು ಬರಲಿ ಅಂತ ವಾಲ್ವನ್ನ ಹಿಂದಕ್ಕೆ ತಿರುಗಿಸ್ಬೇಡ, ಸಿಲಿಂಡರನ್ನೇ ತಿರುಗಿಸು. ಬ್ಯಾಂಡ್ ಎರಡನ್ನೂ ಸಡಿಲವಾಗಿ ಏರಿಸಿಟ್ಕೊಂಡು, ಆಮೇಲೆ ಅಡ್ಡ ಕೊಳವೆ ಸೇರಿಸು. ಓರಿಂಗಿಗೆ ತೆಳ್ಳಗೆ ಗ್ರೀಸ್ ಸವರಿರ್ಬೇಕು. ಮುಂದೆ ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ ಇರೋ ಗಾಳಿ) ತುಂಬಿಸೋ ಯೋಚನೆ ಇದ್ರೆ ಆಕ್ಸಿಜನ್‌ಗೆ ಹೊಂದೋ ಗ್ರೀಸೇ ಬೇಕು. ನಿನ್ನ ಮ್ಯಾನಿಫೋಲ್ಡಲ್ಲಿ ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್ ಇದ್ರೆ ಎರಡನ್ನೂ ಒಟ್ಟಿಗೇ ಕಚ್ಚಿಸಿ ಸಮ ಸುತ್ತು ಹೋಗಬೇಕು. ಒಂದು ಕಡೆ ಎರಡು ಸುತ್ತು ಮುಂದೆ ಹೋಯ್ತು ಅಂದ್ರೆ ಮಧ್ಯದ ಐಸೊಲೇಟರ್ (ಎರಡು ಸಿಲಿಂಡರ್ ನಡುವಿನ ಗಾಳಿ ದಾರಿ ಮುಚ್ಚೋ ವಾಲ್ವ್) ನಾಬ್ ಓರೆಯಾಗಿ ನಿಲ್ಲುತ್ತೆ, ಆ ಕಡೆ ಓರಿಂಗ್ ಹಿಸುಕುತ್ತೆ. ಆಗ ಬಿಚ್ಚಿ ಮೊದಲಿಂದ ಮಾಡು, ಬಲ ಹಾಕಿ ಸರಿ ಮಾಡೋಕೆ ಹೋಗಬೇಡ.

ಮೇಲಿನ ಬ್ಯಾಂಡ್ ಎಲ್ಲಿ ಅಂದ್ಯಲ್ಲ. ಸಿಲಿಂಡರಿನ ಭುಜ ಬಾಗೋಕೆ ಶುರುವಾಗೋ ಗೆರೆ ಕೈಗೆ ಸಿಗುತ್ತೆ, ಹೆಬ್ಬೆರಳು ಆಡಿಸಿ ನೋಡು. ಬ್ಯಾಂಡಿನ ಮೇಲಂಚು ಆ ಗೆರೆಯಿಂದ ಸ್ವಲ್ಪ ಕೆಳಗೆ, ನೇರ ಗೋಡೆ ಮೇಲೆ ಪೂರ್ತಿ ಕೂತಿರ್ಬೇಕು. ಬಾಗಿನ ಮೇಲೆ ಅರ್ಧ ಹತ್ತಿದ್ರೆ ಹಿಡಿತ ಇಲ್ಲ, ಟೈಟ್ ಮಾಡಿದಷ್ಟೂ ಮೇಲಕ್ಕೆ ಜಾರುತ್ತೆ. ಅಲ್ಲಿಂದ ಕೆಳಗಿನ ಬ್ಯಾಂಡಿಗೆ ಬೋಲ್ಟ್ ಸೆಂಟರಿಂದ ಬೋಲ್ಟ್ ಸೆಂಟರಿಗೆ 11 ಇಂಚು, ಅಂದ್ರೆ 279 ಎಂಎಂ. ಬೆನ್ನಿಗೆ ಬರೋ ಬ್ಯಾಕ್‌ಪ್ಲೇಟಿನ ತೂತು ಅದೇ ಅಂತರದಲ್ಲಿ ಇರುತ್ತೆ, ಅಳೆಯೋ ಬದಲು ಪ್ಲೇಟನ್ನೇ ಇಟ್ಟು ಹೊಂದಿಸಿದ್ರೆ ತಪ್ಪೋದೇ ಇಲ್ಲ. ಹಾಕ್ಕೊಂಡ ಮೇಲೆ ಕೈ ಹಿಂದಕ್ಕೆ ಚಾಚಿ ಎರಡು ವಾಲ್ವ್, ಮಧ್ಯದ ಐಸೊಲೇಟರ್, ಮೂರು ನಾಬೂ ಸಿಗುತ್ತಾ ನೋಡು. ಸಿಗಲಿಲ್ಲ ಅಂದ್ರೆ ಸಿಲಿಂಡರ್ ಬೆನ್ನ ಮೇಲೆ ತೀರ ಕೆಳಗೆ ಕೂತಿದೆ ಅಂತ, ಎರಡೂ ಬ್ಯಾಂಡನ್ನ ಒಂದೊಂದು ಸೆಂಟಿಮೀಟರ್ ಕೆಳಕ್ಕೆ ಇಳಿಸು, ಸಿಲಿಂಡರ್ ಮೇಲಕ್ಕೆ ಬರುತ್ತೆ. ತಲೆ ಎತ್ತಿದಾಗ ಹಿಂದಲೆ ಮ್ಯಾನಿಫೋಲ್ಡಿಗೆ ತಾಗ್ತಾ ಇದ್ರೆ ಇದಕ್ಕೆ ಉಲ್ಟಾ.

ಬೋಲ್ಟಿನ ತಲೆ ಹೊರಗಡೆ, ಅಂದ್ರೆ ನಿನ್ನ ಬೆನ್ನಿಗೆ ಆಚೆ. ಬೋಲ್ಟ್ ಬ್ಯಾಂಡಿನ ಎರಡು ಮುಖ ದಾಟಿ ಈಚೆ ಬಂದ್ಮೇಲೆ ವಾಶರ್, ನಟ್. ಆ ನಟ್ಟೇ ಸಿಲಿಂಡರನ್ನ ಹಿಡಿಯೋದು. ಉಳಿದ ಉದ್ದದ ಮೇಲೆ ವಿಂಗು (ತೇಲೋಕೆ ಗಾಳಿ ತುಂಬಿಸೋ ಚೀಲ), ಪ್ಲೇಟು, ಕೊನೇಲಿ ಕೈಯಲ್ಲೇ ತಿರುಗಿಸೋ ವಿಂಗ್‌ನಟ್. ವಿಂಗ್‌ನಟ್ ಪೂರ್ತಿ ಕೂತ ಮೇಲೂ ಎರಡು ಮೂರು ಥ್ರೆಡ್ ಹೊರಗೆ ಕಾಣ್ಬೇಕು. ಬೋಲ್ಟ್ ಎಂ8 ಇರ್ಬಹುದು, ಅಮೆರಿಕದ ಮಾಲಾದ್ರೆ 5/16 ಇಂಚು ಇರ್ಬಹುದು. ಕಣ್ಣಿಗೆ ಎರಡೂ ಒಂದೇ. ಎಂ8 ನಟ್ 5/16ಕ್ಕೆ ಎರಡು ಸುತ್ತು ಹೋಗಿ ಸಿಕ್ಕಾಕ್ಕೊಳ್ಳುತ್ತೆ, ಆಗ ಸ್ಪ್ಯಾನರ್ ಹಾಕಿ ಜಗ್ಗಿದ್ಯೋ ಥ್ರೆಡ್ ಹೋಯ್ತು. ಇನ್ನೊಂದು, ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನ ಡ್ರಿಲ್ ಮೆಷಿನಲ್ಲಿ ಸುತ್ತಿದ್ರೆ ಬಿಸಿಗೆ ಒಂದಕ್ಕೊಂದು ಕಚ್ಚಿ ಬೆಸುಗೆ ಹಾಕಿದ ಹಾಗೆ ಆಗುತ್ತೆ, ಆಮೇಲೆ ಕತ್ತರಿಸೋದೇ ದಾರಿ. ಥ್ರೆಡ್ ಕಚ್ಚದ ಹಾಗೆ ಹಚ್ಚೋ ಆಂಟಿ ಸೀಜ್ ಪೇಸ್ಟ್ ಸ್ವಲ್ಪ ಸವರಿ ಕೈಯಲ್ಲೇ ನಿಧಾನ ತಿರುಗಿಸು.

ಎಂ8ಗೆ 13 ನಂಬರ್ ಸ್ಪ್ಯಾನರ್. ಮೇಲಿಂದು ಅರ್ಧ ಸುತ್ತು, ಕೆಳಗಿಂದು ಅರ್ಧ ಸುತ್ತು, ಹೀಗೆ ಬದಲಾಯಿಸ್ಕೊಂಡು ಹೋಗು. ಒಂದನ್ನೇ ಪೂರ್ತಿ ಬಿಗಿ ಮಾಡಿದ್ರೆ ಸಿಲಿಂಡರ್ ಕೆಳಗಡೆ ಕಾಲು ಅಗಲಿಸಿ ನಿಲ್ಲುತ್ತೆ. ಎಷ್ಟು ಟೈಟ್ ಅನ್ನೋದಕ್ಕೆ ಮೂರು ಗುರುತು ಹೇಳ್ತೀನಿ. ಬ್ಯಾಂಡಿಗೂ ಸಿಲಿಂಡರಿಗೂ ಮಧ್ಯೆ ನೋಟ್‌ಬುಕ್ ಹಾಳೆ ತೂರಿಸಿದ್ರೆ ಸುತ್ತ ಎಲ್ಲೂ ಹೋಗಬಾರದು. ಜೋಡೀನ ಮಲಗಿಸಿ ಒಂದು ಸಿಲಿಂಡರ್ ಬುಡ ಹಿಡಿದು ತಿರುಚಿದ್ರೆ ಇನ್ನೊಂದು ಅದರ ಜೊತೆಗೇ ಬರ್ಬೇಕು, ಪ್ರತ್ಯೇಕ ಆಡಬಾರದು. ಮಧ್ಯದಲ್ಲಿ ಬೋಲ್ಟ್ ಹಾಯೋ ಕಡೆ ಬ್ಯಾಂಡಿನ ಎರಡು ಮುಖದ ನಡುವೆ ಕಣ್ಣಿಗೆ ಕಾಣೋ ಸಂದು ಉಳಿದಿರ್ಬೇಕು. ಈ ಮೂರನೇದನ್ನ ಎಲ್ಲರೂ ಮರೀತಾರೆ. ಎರಡು ಮುಖ ಒಂದಕ್ಕೊಂದು ತಾಗಿಬಿಟ್ರೆ ಮುಂದೆ ನೀನು ಬಿಗಿ ಮಾಡ್ತಿರೋದು ತಗಡನ್ನ, ಸಿಲಿಂಡರನ್ನಲ್ಲ. ಸ್ಪ್ಯಾನರ್ ಕೈಗೆ ಬಿಗಿ ಅನ್ಸುತ್ತೆ, ಒಳಗೆ ಸಿಲಿಂಡರ್ ಸಡಿಲ. ಆ ಬ್ಯಾಂಡ್ ನಿನ್ನ ಸಿಲಿಂಡರಿಗೆ ದೊಡ್ಡದು ಅಂತಲೇ ಅರ್ಥ. ಒಳಗೆ ರಬ್ಬರ್ ತುಂಡು ತುರುಕಿ ಸರಿ ಮಾಡ್ಬೇಡ, ಅದು ಉಪ್ಪುನೀರು ಹಿಡ್ಕೊಂಡು ಕೂರುತ್ತೆ.

ಬಿಗಿ ಆದ್ಮೇಲೆ ಅಡ್ಡ ಕೊಳವೆಯ ಲಾಕ್‌ನಟ್ ಸಡಿಲಿಸಿ ಬೆರಳಲ್ಲಿ ಆಡಿಸಿ ನೋಡು. ಬ್ಯಾಂಡ್ ಸಡಿಲ ಇದ್ದಾಗ ಎಷ್ಟು ಹಗುರವಾಗಿ ಆಡ್ತಿತ್ತೋ ಈಗಲೂ ಅಷ್ಟೇ ಆಡಬೇಕು. ಬಿಗಿಯಾಗಿದ್ರೆ ಬ್ಯಾಂಡ್ ಸಿಲಿಂಡರನ್ನ ಓರೆಗೆ ಎಳೀತಿದೆ. ಎಲ್ಲ ಸರಿ ಇದ್ರೆ ಲಾಕ್‌ನಟ್ ಮತ್ತೆ ಬಿಗಿ ಮಾಡಿ ಬ್ಯಾಂಡ್ ಅಂಚಿಗೆ ಮಾರ್ಕರಲ್ಲಿ ಗೆರೆ ಎಳಿ. ಮುಂದೆ ಬ್ಯಾಂಡ್ ಜಾರಿದ್ರೆ ಆ ಗೆರೆ ಹೇಳುತ್ತೆ.

ಮೊದಲ ಸಲ 20-30 ಬಾರ್ ಅಷ್ಟೇ ತುಂಬಿಸಿ ಡ್ರಮ್ಮಿನ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡು, ಕತ್ತು ಮತ್ತು ಅಡ್ಡ ಕೊಳವೆಯ ಎರಡು ತುದಿ. ಪೂರ್ತಿ 207 ಬಾರ್ ತುಂಬಿಸುವಾಗ ಎರಡು ಸಿಲಿಂಡರ್ ವಾಲ್ವೂ ಐಸೊಲೇಟರೂ ತೆರೆದಿರ್ಬೇಕು, ಇಲ್ಲಾಂದ್ರೆ ಒಂದೇ ಸಿಲಿಂಡರ್ ತುಂಬಿ ಗೇಜ್ ನಿನಗೆ ಸುಳ್ಳು ಹೇಳುತ್ತೆ. ಗಾಳಿ ತುಂಬಿದಾಗ ಸಿಲಿಂಡರ್ ಕೂದಲೆಳೆಯಷ್ಟು ಉಬ್ಬುತ್ತೆ, ಬ್ಯಾಂಡ್ ತಾನಾಗೇ ಬಿಗಿ ಅನ್ಸುತ್ತೆ. ಅದಕ್ಕೇ ಸಡಿಲ ಇದ್ಯಾ ಅಂತ ನೋಡ್ಬೇಕಾದ್ದು ಗಾಳಿ ಕಮ್ಮಿ ಇದ್ದಾಗ, ಡೈವ್ ಮುಗಿಸಿ ಬಂದ್ಮೇಲೆ.

ಇನ್ನು ವರ್ಕ್‌ಶಾಪ್ ಮಾತು. ಲೇತ್, ಬೆಂಡಿಂಗ್ ಎಲ್ಲ ಮೇಟಗಳ್ಳಿ, ಹೆಬ್ಬಾಳದಲ್ಲಿ ಚೆನ್ನಾಗೇ ಮಾಡ್ತಾರೆ, ಅವರ ಕೈಕೆಲಸದ ಮೇಲೆ ಅನುಮಾನ ಇಲ್ಲ. ತೊಂದರೆ ಇರೋದು ತಗಡಿನಲ್ಲಿ. ಸ್ಟೇನ್‌ಲೆಸ್ ಅಂತ 202 ಗ್ರೇಡ್ ಕೊಟ್ರೆ ನೋಡೋಕೆ ಹೊಳೆಯುತ್ತೆ, ಸಮುದ್ರದ ನೀರಿಗೆ ತುಕ್ಕು ಹಿಡಿಯುತ್ತೆ. ನಮಗೆ ಬೇಕಾದ್ದು 316. ಅದರಲ್ಲಿ 2-3 ಪರ್ಸೆಂಟ್ ಮಾಲಿಬ್ಡಿನಮ್ ಇರುತ್ತೆ, ಗುಜರಿಯವರ ಹತ್ರ ಅದನ್ನ ಪತ್ತೆ ಮಾಡೋ ಕೆಮಿಕಲ್ ಇರುತ್ತೆ, ಒಂದು ಹನಿ ಹಾಕಿಸಿ ನೋಡು. ಮ್ಯಾಗ್ನೆಟ್ ನಂಬಬೇಡ, 202ಕ್ಕೂ ಅದು ಹಿಡಿಯಲ್ಲ. ಆದ್ರೂ ನನ್ನ ಮಾತು ಕೇಳೋದಾದ್ರೆ ಅಳತೆ ಸರಿ ಇರೋ ರೆಡಿ ಬ್ಯಾಂಡೇ ತರಿಸು. ಬೋರ್‌ವೆಲ್ ಪೈಪ್ ಕ್ಲಾಂಪು, ಹೋಸ್ ಕ್ಲಿಪ್ಪು ಈ ಕೆಲಸಕ್ಕೆ ಅಲ್ಲವೇ ಅಲ್ಲ. ಸಿಲಿಂಡರಿಗೆ ವೆಲ್ಡಿಂಗ್ ತಾಗಿಸೋದು, ಚೆನ್ನಾಗಿ ಕಾಣಲಿ ಅಂತ ಪೌಡರ್ ಕೋಟಿಂಗ್ ಮಾಡಿಸೋದು, ಎರಡನ್ನೂ ಕನಸಲ್ಲೂ ಮಾಡ್ಬೇಡ. ಪೌಡರ್ ಕೋಟಿಂಗ್ ಓವನ್ 180-200 ಡಿಗ್ರಿ ಇರುತ್ತೆ, ಆ ಬಿಸಿಗೆ ಅಲ್ಯೂಮಿನಿಯಂ ತನ್ನ ಗಟ್ಟಿತನ ಕಳ್ಕೊಳ್ಳುತ್ತೆ. ಹೊರಗಿಂದ ಏನೂ ಗೊತ್ತಾಗಲ್ಲ.

ಡೈವಿಂಗಿಗೆ ನೇತ್ರಾಣಿ ದ್ವೀಪಕ್ಕೆ ಹೋಗಿ ಬಂದ್ರೆ ಸಿಹಿನೀರಲ್ಲಿ ಚೆನ್ನಾಗಿ ತೊಳಿ, ಬ್ಯಾಂಡಿನ ಸಂದಿಗೆ ಪೈಪ್ ಹಿಡಿ. ಸ್ಟೀಲು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದ್ರೆ ಅಲ್ಯೂಮಿನಿಯಂ ಕರಗ್ತಾ ಹೋಗುತ್ತೆ. ಬ್ಯಾಂಡ್ ಅಂಚಲ್ಲಿ ಸುಣ್ಣದಂಥ ಬಿಳಿ ಪುಡಿ ಕಂಡ್ರೆ ಅದೇ. ವರ್ಷಕ್ಕೊಂದು ಸಲ ಬ್ಯಾಂಡ್ ಪೂರ್ತಿ ಬಿಚ್ಚಿ ಕೆಳಗೆ ಗುಳಿ ಬಿದ್ದಿದ್ಯಾ ನೋಡಿಸ್ಬೇಕು. ಎತ್ತುವಾಗ ಅಡ್ಡ ಕೊಳವೆಗೆ ಕೈ ಹಾಕಬೇಡ, ಪ್ಲೇಟ್ ಹಿಡಿದು ಎತ್ತು. ಕಾರಲ್ಲಿ ಮಲಗಿಸಿ, ಉರುಳದ ಹಾಗೆ ಎರಡು ಕಡೆ ಒತ್ತು ಕೊಡು.

ಅಕ್ಕ, ನಿನ್ನ ಕೆಲಸ ಇದು. ಇವನು ಸಿಲಿಂಡರನ್ನ ಟೆರೇಸ್ ಬಿಸಿಲಲ್ಲೋ ಅಡುಗೆಮನೆ ಪಕ್ಕದಲ್ಲೋ ಇಡೋಕೆ ಬಿಡ್ಬೇಡ. ನೆರಳಿನ ಮೂಲೆ ಒಂದು ತೋರಿಸು.

ಚೇತು, ಮೂರು ಫೋಟೋ ಹತ್ತಿರದಿಂದ ತೆಗೆದು ಹಾಕು. ಭುಜದ ಮೇಲಿನ ಮುದ್ರೆ, ಮೇಲಿನ ಬ್ಯಾಂಡ್ ಕೂತಿರೋ ಜಾಗ, ಮಧ್ಯದ ಬೋಲ್ಟ್ ಹತ್ತಿರದ ಸಂದು. ಅದನ್ನ ನಾನು, ಆಮೇಲೆ ನಿನಗೆ ಟ್ವಿನ್‌ಸೆಟ್, ಅಂದ್ರೆ ಈ ಜೋಡಿ ಸಿಲಿಂಡರ್ ಡೈವಿಂಗ್ ಕಲಿಸೋ ಇನ್‌ಸ್ಟ್ರಕ್ಟರ್, ಇಬ್ಬರೂ ನೋಡೋವರೆಗೂ ಗಾಳಿ ತುಂಬಿಸೋಕೆ ತಗೊಂಡು ಹೋಗಬೇಡ ಕಣಪ್ಪ.